ಧಾರವಾಡದ ಕಲ್ಲು, ಮಂಗಳದ ಕಲ್ಲು

ಹುಬ್ಬಳ್ಳಿ-ಧಾರವಾಡಕ್ಕೆ ಬಂದವರು ಏನು ನೋಡುತ್ತಾರೆ, ಏನು ಕಟ್ಟಿಸಿಕೊಂಡು ಹೋಗುತ್ತಾರೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಸಿದ್ಧಾರೂಢರ ಮಠಕ್ಕೆ ಹೋಗಿ ಕೈಮುಗಿಯುತ್ತಾರೆ. ಉಣಕಲ್ ಕೆರೆಯ ದಂಡೆಯಲ್ಲಿ ಕೂತು ಗಿರಮಿಟ್ಟು, ಮಿರ್ಚಿ ತಿನ್ನುತ್ತಾರೆ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ನೋಡುತ್ತಾರೆ. ಲೈನ್ ಬಜಾರಿನಲ್ಲಿ ಸಾಲಾಗಿ ನಿಂತು ಪೇಢೆ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾರೆ. ಇದನ್ನೆಲ್ಲ ನೀವೂ ಮಾಡಿರುತ್ತೀರಿ. ಗೆಳತಿಯರೇ, ಈ ಸಲ ನಾನು ನಿಮ್ಮನ್ನು ಕರೆದೊಯ್ಯುವುದು ನಮ್ಮೂರಿನ ಕಲ್ಲು ತೋರಿಸಲಿಕ್ಕೆ!

ಕಲ್ಲು ನೋಡಲು ಅಷ್ಟು ದೂರ ಬರಬೇಕೇ ಎಂದು ಮೂಗು ಮುರಿಯಬೇಡಿ. ಈ ಕಲ್ಲಿಗೂ ಆಕಾಶಕ್ಕೂ ಒಂದು ನಂಟಿದೆ. ಅದು ನನಗೆ ಗೊತ್ತಾದ ಬಗೆ ಹೀಗೆ. 2025ರ ಏಪ್ರಿಲ್‌ನಲ್ಲಿ ಟಿ.ವಿ.ಯಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಬಂತು, ಭೂಮಿಯಾಚೆ ಬೇರೊಂದು ಲೋಕದಲ್ಲಿ ಜೀವದ ಸುಳಿವು ಸಿಕ್ಕಿದೆ ಎಂದು. ನಮ್ಮ ಅತ್ತೆಯವರು ಕಾಳು ಆರಿಸುತ್ತ ಕೂತವರು ಕೇಳಿದರು: "ಯಾರು ಹೋಗಿ ನೋಡಿ ಬಂದಾರವಾ?"

"ಯಾರೂ ಹೋಗಿಲ್ರೀ ಅತ್ತಿ. ದೂರದಿಂದ ದುರ್ಬೀನಿನಾಗ ನೋಡ್ಯಾರಂತ."

"ಮತ್ತ ಅಲ್ಲಿ ಜೀವ ಐತಿ ಅಂತ ಹೆಂಗ ಗೊತ್ತಾತು?"

ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಅಕ್ಕನ ಮಗಳು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರ ಓದುತ್ತಾಳೆ. ಅವಳು ನಕ್ಕು ಹೇಳಿದಳು: "ಚಿಗವ್ವಾ, ಅಜ್ಜಿ ಕೇಳಿದ್ದೇ ಖರೇ ಪ್ರಶ್ನೆ. ಅದಕ್ಕ ಉತ್ತರ ಬೇಕಂದ್ರ ಮೊದಲ ಆಕಾಶ ನೋಡಬ್ಯಾಡ, ನಮ್ಮ ಧಾರವಾಡದ ಕಲ್ಲು ನೋಡ ಬಾ."

ಊರಿನ ಹೆಸರು ಹೊತ್ತ ಕಲ್ಲು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಈಗ 'ಚಿಗರಿ' ಬಸ್ಸು ಬಂದಮೇಲೆ ಪ್ರಯಾಣ ಹಗುರವಾಗಿದೆ. ಕಿಟಕಿಯ ಪಕ್ಕ ಕೂತುಕೊಳ್ಳಿ. ಹುಬ್ಬಳ್ಳಿಯಿಂದ ಮೂಡಣಕ್ಕೆ, ನವಲಗುಂದದ ಕಡೆಗೆ ಹೋದರೆ ಎರೆಮಣ್ಣಿನ ಕಪ್ಪು ಹೊಲಗಳು. ಧಾರವಾಡದ ಕಡೆ ತಿರುಗಿದರೆ ಮಣ್ಣು ಕೆಂಪಾಗುತ್ತ, ನೆಲ ಏರಿಳಿಯುತ್ತ ಬರುತ್ತದೆ. ಮಲೆನಾಡಿನ ಬಾಗಿಲು ಎಂದು ಧಾರವಾಡವನ್ನು ಕರೆಯುವುದು ಸುಮ್ಮನೆ ಅಲ್ಲ.

ಧಾರವಾಡದ ಹೊರಗೆ ರಸ್ತೆಗಾಗಿ ಗುಡ್ಡ ಕೊರೆದ ಒಂದು ಕಡೆ ಅವಳು ನನ್ನನ್ನು ನಿಲ್ಲಿಸಿದಳು. ಕೊರೆದ ಗೋಡೆಯಲ್ಲಿ ಕಲ್ಲು ಪದರ ಪದರವಾಗಿ ಕಾಣುತ್ತಿತ್ತು. ಪದರಗಳು ಅಡ್ಡ ಮಲಗಿರಲಿಲ್ಲ. ಕಪಾಟಿನಲ್ಲಿ ವಾಲಿ ನಿಂತ ಪುಸ್ತಕಗಳ ಹಾಗೆ ಓರೆಯಾಗಿ ನಿಂತಿದ್ದವು. ಬೂದು ಬಣ್ಣ, ನಡುನಡುವೆ ತುಕ್ಕಿನಂಥ ಕೆಂಪು. "ಇದು ಒಂದಾನೊಂದು ಕಾಲದ ಸಮುದ್ರದ ಕೆಸರು, ಉಸುಕು" ಎಂದಳು. ಸಮುದ್ರವೇ! ಧಾರವಾಡದಲ್ಲಿ! ಎಷ್ಟು ಹಿಂದೆ ಎಂದು ಕೇಳಿದೆ. ಸುಮಾರು 260 ಕೋಟಿ ವರ್ಷ ಎಂದಳು. ಭೂಮಿಯ ವಯಸ್ಸೇ ಸುಮಾರು 454 ಕೋಟಿ ವರ್ಷ. ಅಂದರೆ ಭೂತಾಯಿಗೆ ಇನ್ನೂ ನಡುಪ್ರಾಯ ಬರುವ ಮೊದಲಿನ ಮಾತು ಅದು.

ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ಭೂಗರ್ಭಶಾಸ್ತ್ರಜ್ಞ ಈ ಸೀಮೆಯನ್ನೆಲ್ಲ ಸುತ್ತಿ ಕಲ್ಲುಗಳ ನಕ್ಷೆ ಮಾಡಿದ. 1888ರಲ್ಲಿ ಇಂಥ ಕಲ್ಲುಗಳ ಗುಂಪಿಗೆ 'ಧಾರವಾಡ' ಎಂದೇ ಹೆಸರಿಟ್ಟು ಬರೆದ. ಅಂದಿನಿಂದ ಜಗತ್ತಿನ ಯಾವ ಮೂಲೆಯಲ್ಲಿ ಹಳೆಯ ಕಲ್ಲುಗಳ ಪಾಠ ನಡೆದರೂ ನಮ್ಮ ಊರಿನ ಹೆಸರು ಬರುತ್ತದೆ. ಪೇಢೆಯ ಖ್ಯಾತಿ ಅಲ್ಲಿಯವರೆಗೆ ಹೋಗಿದೆಯೋ ಇಲ್ಲವೋ, ಕಲ್ಲಿನ ಖ್ಯಾತಿ ಹೋಗಿದೆ!

ನಮ್ಮ ಹೆಣ್ಣುಮಕ್ಕಳಿಗೆ ಹತ್ತಿರದ ಮಾತನ್ನೂ ಹೇಳಿಬಿಡುತ್ತೇನೆ. ಕೋಲಾರ, ಹಟ್ಟಿಗಳ ಚಿನ್ನ ಬಂದದ್ದು ಇದೇ ಬಳಗದ ಕಲ್ಲುಗಳಿಂದ. ಈ ಸೀಮೆಯ ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಆಭರಣದಂಥ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನ ಮೆದುತನದಿಂದ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ನೋಡಿ, ಸುಮಾರು 1050ರದ್ದು. ಕಂಬಕ್ಕೆ ಕೈಯಿಟ್ಟರೆ ಬೆಣ್ಣೆ ಸವರಿದಂತಿದೆ. ಆ ಬಳಪದ ಕಲ್ಲೂ ಇದೇ ಧಾರವಾಡ ಬಳಗದ್ದು.

ಚಿರೋಟಿಯಂಥ ಪದರ

ಇನ್ನು ಜೀವದ ಮಾತಿಗೆ ಬರೋಣ. 260 ಕೋಟಿ ವರ್ಷದ ಹಿಂದೆ ಗಿಡವಿಲ್ಲ, ಮೀನಿಲ್ಲ, ಹುಳುವಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಅವಕ್ಕೆ ಮೂಳೆಯೂ ಇಲ್ಲ, ಚಿಪ್ಪೂ ಇಲ್ಲ. ಹಾಗಿದ್ದರೆ ಅವು ಇದ್ದವೆಂದು ಕಲ್ಲು ಹೇಗೆ ಹೇಳೀತು?

ನಮ್ಮ ಕರ್ನಾಟಕದಲ್ಲೇ ಸಾಕ್ಷಿ ಇದೆ. ಚಿತ್ರದುರ್ಗ, ತುಮಕೂರು ಕಡೆ ಹಾದುಹೋಗುವ ಇದೇ ಧಾರವಾಡ ಬಳಗದ ಸುಣ್ಣದ ಕಲ್ಲುಗಳಲ್ಲಿ 1980ರ ದಶಕದಲ್ಲಿ ವಿಜ್ಞಾನಿಗಳು 'ಸ್ಟ್ರೊಮಟೊಲೈಟ್' ಎಂಬ ರಚನೆಗಳನ್ನು ಗುರುತಿಸಿದರು. ಹೆಸರು ನಾಲಿಗೆಗೆ ಕಷ್ಟ, ವಿಷಯ ಸುಲಭ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಂತೆ ಹರಡಿಕೊಳ್ಳುತ್ತವೆ. ನೀರಿನಲ್ಲಿ ತೇಲಿಬಂದ ಧೂಳು ಅದರ ಮೇಲೆ ಕೂಡುತ್ತದೆ. ಬೆಳಕು ಬೇಕೆಂದು ಜೀವಿಗಳು ಧೂಳಿನ ಮೇಲೆ ಬಂದು ಮತ್ತೊಂದು ಚಾಪೆ ಹಾಸುತ್ತವೆ. ಹೀಗೆ ಸಾವಿರಾರು ಪದರ, ನಮ್ಮ ಚಿರೋಟಿಯ ಹಾಗೆ. ಜೀವಿ ಸತ್ತು ಎಷ್ಟೋ ಕಾಲವಾದರೂ ಪದರ ಕಲ್ಲಾಗಿ ಉಳಿಯುತ್ತದೆ. ಎಲೆಕೋಸನ್ನು ನಡುವೆ ಕೊಯ್ದಂತೆ ಕಾಣುತ್ತದೆ. ಬಾಗಲಕೋಟೆ ಜಿಲ್ಲೆಯ ಕಲಾದಗಿ ಕಡೆಯ ಸುಣ್ಣದ ಕಲ್ಲುಗಳಲ್ಲೂ ಇಂಥವು ಇವೆ. ಅವು ಇವಕ್ಕಿಂತ ಚಿಕ್ಕ ವಯಸ್ಸಿನವು, ಆದರೂ ನೂರು ಕೋಟಿ ವರ್ಷಕ್ಕಿಂತ ಹಳೆಯವು.

ಇನ್ನೊಂದು ಗುರುತು ನನಗೆ ಬಹಳ ಹಿಡಿಸಿತು. ಇಂಗಾಲದಲ್ಲಿ ಹಗುರದ್ದು, ತುಸು ಭಾರದ್ದು ಎಂದು ಎರಡು ಬಗೆ ಇವೆಯಂತೆ. ಜೀವಿಗಳು ಹಗುರದ್ದನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ. ಜನತಾ ಬಜಾರಿನಲ್ಲಿ ಸಂಜೆ ಬೆಂಡೆಕಾಯಿ ಗುಡ್ಡೆ ನೋಡಿದ್ದೀರಲ್ಲ? ಎಳೆಯವೆಲ್ಲ ಹೋಗಿ ಬಲಿತವೇ ಉಳಿದಿದ್ದರೆ, ನಮ್ಮಂಥ ಹೆಣ್ಣುಮಕ್ಕಳು ಬಂದು ತುದಿ ಮುರಿದು ಆರಿಸಿಕೊಂಡು ಹೋಗಿದ್ದಾರೆಂದು ಗೊತ್ತಾಗುತ್ತದೆ. ಅವರನ್ನು ನೀವು ನೋಡಬೇಕಿಲ್ಲ. ಜೀವ ಇದ್ದಲ್ಲಿ ಆರಿಸುವಿಕೆ ಇರುತ್ತದೆ, ಆರಿಸಿದ್ದರ ಗುರುತು ಉಳಿಯುತ್ತದೆ.

"ಹಂಗಾದ್ರ ಪದರ ಕಂಡ್ರ ಸಾಕು, ಜೀವ ಇತ್ತು ಅನ್ನಬಹುದಲ್ಲ?" ಎಂದೆ ನಾನು.

"ಇಲ್ಲ ಚಿಗವ್ವಾ, ಅಲ್ಲೇ ಮಂದಿ ದಾರಿ ತಪ್ಪೂದು" ಎಂದಳು. ಪದರ ನೀರಿನ ಸುಣ್ಣ ಕಟ್ಟಿಯೂ ಬರುತ್ತದೆ. ಬಚ್ಚಲ ಹಂಡೆಯ ಒಳಗೆ ಗಡಸು ನೀರು ಪದರ ಕಟ್ಟುವುದಿಲ್ಲವೇ? ಅಲ್ಲಿ ಯಾವ ಜೀವವೂ ಕೆಲಸ ಮಾಡಿಲ್ಲ. ನಮ್ಮ ಗುಡ್ಡಗಳಲ್ಲಿ ಕಾಣುವ ಕಬ್ಬಿಣದ ಕೆಂಪು ಪಟ್ಟೆಗಳನ್ನು ಸೂಕ್ಷ್ಮಜೀವಿಗಳ ಕೈವಾಡ ಎನ್ನುವವರಿದ್ದಾರೆ, ಜೀವವಿಲ್ಲದೆಯೂ ಅವು ಕೂಡಬಹುದು ಎನ್ನುವವರೂ ಇದ್ದಾರೆ. ಜೀವದ ಹಾಗೆ ಕಾಣುವುದು ಬೇರೆ, ಜೀವವಿಲ್ಲದೆ ಆಗಲಾರದ್ದು ಬೇರೆ. ಎರಡನೆಯದಷ್ಟೇ ಸಾಕ್ಷಿ.

ಹಿಟ್ಟು ಉಬ್ಬಿದ್ದು ಯಾಕೆ?

ಈ ಮಾತು ನಮಗಿಂತ ಚೆನ್ನಾಗಿ ಯಾರಿಗೆ ಅರ್ಥವಾದೀತು ಹೇಳಿ! ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿ ಪಾತ್ರೆ ತುಂಬಿರುತ್ತದೆ. ಅದು ಜೀವದ ಕೆಲಸ. ಅವಸರಕ್ಕೆ ರುಬ್ಬಿ ಅಡಿಗೆ ಸೋಡಾ, ಹುಳಿ ಮಜ್ಜಿಗೆ ಹಾಕಿದರೂ ಹಿಟ್ಟು ಉಬ್ಬುತ್ತದೆ. ಅದು ಬರೀ ಸೋಡಾದ ಕೆಲಸ. ಎರಡರಲ್ಲೂ ಗುಳ್ಳೆ, ಎರಡರಲ್ಲೂ ಉಬ್ಬು. ಗುಳ್ಳೆ ಕಂಡ ಮಾತ್ರಕ್ಕೆ ಹಿಟ್ಟು ಹುಳಿ ಬಂದಿದೆ ಎನ್ನಲಾದೀತೇ?

1976ರಲ್ಲಿ ಮಂಗಳ ಗ್ರಹದಲ್ಲಿ ಆದದ್ದೂ ಇದೇ. ಆ ವರ್ಷ ಅಮೆರಿಕದ ಎರಡು ವೈಕಿಂಗ್ ನೌಕೆಗಳು ಅಲ್ಲಿ ಇಳಿದವು, ಮೊದಲನೆಯದು ಜುಲೈ 20ರಂದು. ಮಂಗಳದ ಮಣ್ಣು ತೆಗೆದು, ಅದಕ್ಕೆ ಪೌಷ್ಟಿಕ ನೀರು ಚಿಮುಕಿಸಿದವು. ಮಣ್ಣಿನಲ್ಲಿ ಜೀವಿ ಇದ್ದರೆ ಉಂಡು ಗಾಳಿ ಬಿಡಬೇಕು. ಗಾಳಿ ಬಂತು! ಮಣ್ಣನ್ನು ಚೆನ್ನಾಗಿ ಕಾಯಿಸಿ ಉಣಿಸಿದಾಗ ಗಾಳಿ ಬರಲಿಲ್ಲ. ಜೀವಿ ಸತ್ತಿರಬೇಕು, ಅದಕ್ಕೇ ಬರಲಿಲ್ಲ ಎಂದರು ಕೆಲವರು. ಆದರೆ ಕಾಯಿಸದ ಮಣ್ಣಿಗೆ ಎರಡನೇ ಸಲ ಉಣಿಸಿದಾಗ ಹೊಸ ಗಾಳಿ ಬರಲಿಲ್ಲ. ಹುಳಿ ಬಂದ ಹಿಟ್ಟಿಗೆ ಮತ್ತೆ ಹಿಟ್ಟು ಬೆರೆಸಿದರೆ ಅದು ಮತ್ತೆ ಹುಳಿ ಬರುತ್ತದೆ. ಸೋಡಾದ ಶಕ್ತಿ ಒಮ್ಮೆಗೆ ಮುಗಿಯುತ್ತದೆ. ಜೀವಕ್ಕೆ ಬೇಕಾದ ಇಂಗಾಲದ ವಸ್ತುಗಳೂ ಆ ಮಣ್ಣಿನಲ್ಲಿ ಇವೆಯೆಂದು ಆಗ ತೋರಲಿಲ್ಲ. 2008ರಲ್ಲಿ ಫೀನಿಕ್ಸ್ ಎಂಬ ಇನ್ನೊಂದು ನೌಕೆ ಮಂಗಳದ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಚುರುಕು ಲವಣವನ್ನು ಕಂಡುಹಿಡಿಯಿತು. ಗಾಳಿ ಬರಿಸಿದ್ದು ಇಂಥ ರಾಸಾಯನಿಕಗಳೇ ಇರಬೇಕು, ಜೀವವಲ್ಲ ಎನ್ನುತ್ತಾರೆ ಬಹಳ ಜನ. ಆ ಪ್ರಯೋಗ ಮಾಡಿದ ಗಿಲ್ಬರ್ಟ್ ಲೆವಿನ್ ಎಂಬವರು ಮಾತ್ರ ಅದು ಜೀವವೇ ಎಂದು ಕೊನೆಯವರೆಗೂ ಹೇಳುತ್ತಿದ್ದರು. ಅವರು 2021ರಲ್ಲಿ ತೀರಿಕೊಂಡರು.

ಆಕಾಶದಿಂದ ಬಿದ್ದದ್ದು, ಆಕಾಶದಲ್ಲಿ ಹಿಡಿದದ್ದು

ಬೇರೆ ಲೋಕದ ಕಲ್ಲು ನಮ್ಮ ಕೈಗೇ ಸಿಕ್ಕರೆ ಸಂಶಯ ಇರಲಿಕ್ಕಿಲ್ಲ ಎನ್ನುತ್ತೀರಾ? ಅಂಥ ಕಲ್ಲು ನಮ್ಮ ಸೀಮೆಯಲ್ಲೂ ಬಿದ್ದಿದೆ. 1848ರಲ್ಲಿ ಆಗಿನ ಧಾರವಾಡ ಜಿಲ್ಲೆಯಲ್ಲಿ, ಈಗಿನ ಹಾವೇರಿಯ ಕಡೆ, 1.8 ಕಿಲೋ ತೂಕದ ಉಲ್ಕೆಯ ಕಲ್ಲು ಬಿತ್ತು. ಜಗತ್ತಿನ ಉಲ್ಕೆಗಳ ಪಟ್ಟಿಯಲ್ಲಿ ಅದರ ಹೆಸರು 'ಧಾರವಾಡ' ಎಂದೇ ಇದೆ. ಅದು ಸಾಮಾನ್ಯ ಜಾತಿಯ ಉಲ್ಕೆ, ಜೀವದ ಸುದ್ದಿಯೇನೂ ಅದರಲ್ಲಿ ಇಲ್ಲ.

ಸುದ್ದಿ ಮಾಡಿದ್ದು ಬೇರೊಂದು. ಅಂಟಾರ್ಕ್ಟಿಕದ ಹಿಮದಲ್ಲಿ 1984ರಲ್ಲಿ ಸುಮಾರು 1.9 ಕಿಲೋದ ಒಂದು ಕಲ್ಲು ಸಿಕ್ಕಿತು. ಅದು ಮಂಗಳದಿಂದ ಸಿಡಿದು ಬಂದದ್ದು. 1996ರ ಆಗಸ್ಟ್‌ನಲ್ಲಿ ನಾಸಾದ ವಿಜ್ಞಾನಿಗಳು ಅದರೊಳಗೆ ಹುಳುವಿನಂಥ ಅತಿ ಸಣ್ಣ ಆಕಾರಗಳಿವೆ, ಇದು ಪುರಾತನ ಜೀವದ ಗುರುತಿರಬಹುದು ಎಂದರು. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರೇ ಆ ಬಗ್ಗೆ ಮಾತಾಡಿದರು. ಆಮೇಲೆ ಒಂದೊಂದೇ ಪದರ ಬಿಚ್ಚಿತು. ಅದರಲ್ಲಿದ್ದ ಇಂಗಾಲದ ವಸ್ತುವಿನಲ್ಲಿ ಕೆಲವು ಅಂಟಾರ್ಕ್ಟಿಕದ ಹಿಮದಿಂದ ಸೇರಿಕೊಂಡವು ಎಂದು ತಿಳಿಯಿತು. ಉಳಿದದ್ದು ನೀರು-ಕಲ್ಲಿನ ಒಡನಾಟದಿಂದಲೇ ಹುಟ್ಟಬಹುದು ಎಂದು 2022ರ ಒಂದು ಅಧ್ಯಯನ ಹೇಳಿತು. ಹುಳುವಿನ ಆಕಾರ ಹುಳುವನ್ನು ಸಾಧಿಸಲಿಲ್ಲ.

ನಮ್ಮ ಇಸ್ರೊ ಸಂಸ್ಥೆಯವರು ಇನ್ನೊಂದು ಬಗೆಯಲ್ಲಿ ಹುಡುಕಿದರು. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ದೊಡ್ಡ ಬಲೂನು ಹಾರಿಸಿ, 20ರಿಂದ 41 ಕಿಲೋಮೀಟರು ಎತ್ತರದ ಗಾಳಿಯನ್ನು ಹಿಡಿದು ತಂದರು. ಖಗೋಲ ವಿಜ್ಞಾನಿ ಜಯಂತ ನಾರ್ಳೀಕರ್ ಅವರ ಮುಂದಾಳುತನ. ಅದರಲ್ಲಿ ಸೂಕ್ಷ್ಮಜೀವಿಗಳು ಸಿಕ್ಕವು. ಮೂರು ಜಾತಿಗಳು ಅದುವರೆಗೆ ಯಾರೂ ಕಾಣದಂಥವು. ಒಂದಕ್ಕೆ ಆರ್ಯಭಟನ ಹೆಸರು, ಒಂದಕ್ಕೆ ಇಸ್ರೊ ಹೆಸರು ಇಟ್ಟರು. 2009ರಲ್ಲಿ ಇದನ್ನು ಪ್ರಕಟಿಸಿದಾಗ ಅವರು ಹೇಳಿದ ಮಾತಿಗೆ ನನ್ನದೊಂದು ಶಾಬಾಸ್! ಇವು ಬೇರೆ ಲೋಕದಿಂದ ಬಂದವೆಂದು ಇದರಿಂದ ಖಚಿತವಾಗುವುದಿಲ್ಲ ಎಂದರು. ಹೊಸದು ಎಂದಮಾತ್ರಕ್ಕೆ ಪರಲೋಕದ್ದು ಆಗುವುದಿಲ್ಲ. ನಮ್ಮ ಮಣ್ಣಿನ ಧೂಳೂ ಮೇಲೇರುತ್ತದಲ್ಲ!

ಇಲ್ಲ ಎಂದ ಹೆಣ್ಣುಮಗಳು

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದವಳು ಅಬಿಗೈಲ್ ಆಲ್‌ವುಡ್ ಎಂಬ ಆಸ್ಟ್ರೇಲಿಯದ ಭೂಗರ್ಭಶಾಸ್ತ್ರಜ್ಞೆ. ಆಸ್ಟ್ರೇಲಿಯದ ಪಶ್ಚಿಮದಲ್ಲಿ ಸುಮಾರು 343 ಕೋಟಿ ವರ್ಷದ ಸ್ಟ್ರೊಮಟೊಲೈಟ್‌ಗಳಿವೆ. ಅವು ನಿಜವಾಗಿಯೂ ಜೀವದ ಕೆಲಸವೇ ಎಂದು ಆಕೆ 2006ರಲ್ಲಿ ಸಂಗಡಿಗರೊಂದಿಗೆ ಬಲವಾಗಿ ತೋರಿಸಿದಳು. ಒಂದು ಕಲ್ಲು ನೋಡಿ ತೀರ್ಪು ಕೊಡಲಿಲ್ಲ. ಕಿಲೋಮೀಟರುಗಟ್ಟಲೆ ನಡೆದು ಎಲ್ಲೆಲ್ಲಿ ಯಾವ ಆಕಾರ, ಅಲ್ಲಿ ನೀರು ಎಷ್ಟು ಆಳವಿತ್ತು ಎಂದು ಜೋಡಿಸಿದಳು.

2016ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ, ಅಂದರೆ ಇನ್ನೂ ಹಳೆಯ, ಸ್ಟ್ರೊಮಟೊಲೈಟ್ ಸಿಕ್ಕಿತೆಂದು ಬೇರೆ ವಿಜ್ಞಾನಿಗಳು ಹೇಳಿದರು. ಜಗತ್ತೆಲ್ಲ ಸಂಭ್ರಮ. ಆಲ್‌ವುಡ್ ಅಲ್ಲಿಗೆ ಹೋದಳು. ಮುಂದಿನಿಂದ ನೋಡಿದ್ದನ್ನು ಪಕ್ಕದಿಂದಲೂ ನೋಡಿದಳು. ಗೋಪುರದಂತೆ ಕಂಡದ್ದು ಪಕ್ಕದಿಂದ ಉದ್ದನೆಯ ಏಣಾಗಿತ್ತು. ನೆಲದೊಳಗಿನ ಒತ್ತಡಕ್ಕೆ ಕಲ್ಲು ಮಡಚಿಕೊಂಡದ್ದು, ಸೀರೆಯ ನೆರಿಗೆಯ ಹಾಗೆ. ಇದು ಜೀವದ ಗುರುತಲ್ಲ ಎಂದು 2018ರಲ್ಲಿ ಬರೆದಳು. ಮೊದಲು ಹೇಳಿದವರು ತಮ್ಮ ಮಾತು ಬಿಟ್ಟಿಲ್ಲ, ವಾದ ಇನ್ನೂ ಇದೆ. ಆದರೆ ಎಲ್ಲರೂ ಹೌದು ಎನ್ನುವಾಗ ಹೋಗಿ, ಪಕ್ಕದಿಂದ ನೋಡಿ, ಇಲ್ಲ ಎನ್ನುವುದಕ್ಕೂ ಎದೆ ಬೇಕು.

ಇದೇ ಆಲ್‌ವುಡ್ ಮಂಗಳಕ್ಕೆ ಹೋದ ಪರ್ಸಿವಿಯರೆನ್ಸ್ ಬಂಡಿಯ ಒಂದು ಉಪಕರಣದ ಮುಖ್ಯಸ್ಥೆ. ಕಲ್ಲಿನ ಮೇಲೆ ಸಾಸಿವೆಗಿಂತ ಸಣ್ಣ ಜಾಗದಲ್ಲೂ ಯಾವ ವಸ್ತು ಇದೆ ಎಂದು ಅದು ಹೇಳುತ್ತದೆ. ಆ ಬಂಡಿ 2021ರ ಫೆಬ್ರುವರಿ 18ರಂದು ಮಂಗಳದಲ್ಲಿ ಇಳಿಯಿತು. ಇಳಿದಿದೆ ಎಂದು ಜಗತ್ತಿಗೆ ಸಾರಿದ ದನಿ ಸ್ವಾತಿ ಮೋಹನ್ ಅವರದು. ಹಣೆಗೆ ಬೊಟ್ಟಿಟ್ಟುಕೊಂಡು ಕೂತಿದ್ದ ಆಕೆಯನ್ನು ನೀವೂ ಟಿ.ವಿ.ಯಲ್ಲಿ ನೋಡಿರಬೇಕು. ಆಕೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಕೂಸಿದ್ದಾಗಲೇ ಅಪ್ಪ-ಅಮ್ಮನ ಜೊತೆ ಅಮೆರಿಕಕ್ಕೆ ಹೋದವಳು.

2024ರ ಜುಲೈಯಲ್ಲಿ ಆ ಬಂಡಿ ಒಣಗಿದ ಹೊಳೆಯ ಪಾತ್ರದಲ್ಲಿ ಒಂದು ಕೆಂಪು ಕಲ್ಲು ಕಂಡಿತು. ನಮ್ಮ ಧಾರವಾಡದ ಕಲ್ಲಿನ ಹಾಗೆಯೇ ಅದೂ ಕೆಸರು ಗಟ್ಟಿಯಾಗಿ ಆದದ್ದು. ಮೈಮೇಲೆ ಚಿರತೆಯ ಚುಕ್ಕೆಯಂಥ ಕಲೆಗಳು, ನಡುವೆ ಬಿಳಿ, ಸುತ್ತ ಕಪ್ಪು ಅಂಚು. ಆ ಚುಕ್ಕೆಗಳಲ್ಲಿ ಕಬ್ಬಿಣದ ಎರಡು ಖನಿಜಗಳ ಗುರುತು ಸಿಕ್ಕಿತು. ಭೂಮಿಯ ಮೇಲೆ ಕೆರೆ, ಜೌಗಿನ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಉಂಡು ಬಿಟ್ಟಲ್ಲಿ ಇಂಥ ಖನಿಜ ಆಗುತ್ತವೆ. ಹೆಚ್ಚು ಕಾವು ತಗುಲಿದರೆ ಜೀವವಿಲ್ಲದೆಯೂ ಆಗಬಹುದು. ಆದರೆ ಆ ಕಲ್ಲು ಅಷ್ಟು ಕಾದ ಗುರುತಿಲ್ಲ. ಇಷ್ಟೆಲ್ಲ ಇದ್ದೂ 2025ರ ಸೆಪ್ಟೆಂಬರ್‌ನಲ್ಲಿ ಬಂದ ಲೇಖನದಲ್ಲಿ ಅವರು ಬರೆದದ್ದು 'ಜೀವದ ಗುರುತು ಇರಬಹುದಾದದ್ದು' ಎಂದಷ್ಟೇ. ಆ ಕಲ್ಲಿನ ಚೂರು ಕೊಳವೆಯಲ್ಲಿ ಭದ್ರವಾಗಿ ಮಂಗಳದಲ್ಲೇ ಇದೆ. ತರುವ ಯೋಜನೆ ಹಣದ ಲೆಕ್ಕದಲ್ಲಿ ಸಿಕ್ಕಿಕೊಂಡಿದೆ.

ಕೋಸು ಬೇಯುವ ವಾಸನೆ

ಈಗ ಟಿ.ವಿ.ಯಲ್ಲಿ ಬಂದ ಸುದ್ದಿಗೆ ಬರೋಣ. ಆ ಲೋಕದ ಹೆಸರು ಕೆ2-18ಬಿ. ಅಲ್ಲಿಂದ ಬೆಳಕು ನಮ್ಮನ್ನು ಮುಟ್ಟಲು 124 ವರ್ಷ ಬೇಕು. ಅಂಥ ದೂರದ ಗ್ರಹವನ್ನು ಯಾರು ಹೋಗಿ ನೋಡುತ್ತಾರೆ? ಆ ಗ್ರಹ ತನ್ನ ಸೂರ್ಯನ ಮುಂದೆ ಹಾದುಹೋಗುವಾಗ ಅದರ ಗಾಳಿಯೊಳಗಿಂದ ತೂರಿಬಂದ ಬೆಳಕನ್ನು ಜೇಮ್ಸ್ ವೆಬ್ ಎಂಬ ಬಾಹ್ಯಾಕಾಶದ ದೂರದರ್ಶಕ ಹಿಡಿಯುತ್ತದೆ. ಯಾವ ಬಣ್ಣ ಎಷ್ಟು ಕಡಿಮೆಯಾಗಿದೆ ಎಂದು ನೋಡಿ ಅಲ್ಲಿ ಯಾವ ಅನಿಲ ಇದೆ ಎಂದು ಲೆಕ್ಕ ಹಾಕುತ್ತಾರೆ.

ಕೇಂಬ್ರಿಜ್‌ನಲ್ಲಿರುವ ಭಾರತೀಯ ಮೂಲದ ನಿಕ್ಕು ಮಧುಸೂದನ್ ಮತ್ತು ಅವರ ತಂಡದವರು ಅಲ್ಲಿ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲ, ಇಲ್ಲವೆ ಅದರ ಹತ್ತಿರದ ಸಂಬಂಧಿ, ಇರುವ ಸುಳಿವಿದೆ ಎಂದರು. ಭೂಮಿಯಲ್ಲಿ ಇದನ್ನು ಮುಖ್ಯವಾಗಿ ಬಿಡುವುದು ಸಮುದ್ರದ ಸೂಕ್ಷ್ಮಜೀವಿಗಳು. ನಿಮಗೂ ಈ ಅನಿಲದ ಪರಿಚಯ ಇದೆ. ಎಲೆಕೋಸು ಬೇಯಿಸುವಾಗ ಮನೆತುಂಬ ಬರುತ್ತದಲ್ಲ, ಆ ವಾಸನೆಯಲ್ಲಿ ಇದರ ಪಾಲಿದೆ!

ಆದರೆ ಅವರ ಲೆಕ್ಕದಲ್ಲೇ ಇದು ಆಕಸ್ಮಿಕವಾಗಿ ಹೀಗೆ ಕಂಡಿರುವ ಸಂಭವ ಸಾವಿರಕ್ಕೆ ಮೂರು. ನಮಗೆ ಇದು ಸಾಕೆನಿಸುತ್ತದೆ. ವಿಜ್ಞಾನಿಗಳಿಗೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆಯಾಗಬೇಕು. ಅದೇ ಬೆಳಕಿನ ಲೆಕ್ಕವನ್ನು ಬೇರೆ ತಂಡಗಳು ಮತ್ತೆ ಹಾಕಿ ನೋಡಿ, ಆ ಅನಿಲ ಇದೆ ಎನ್ನುವಷ್ಟು ಬಲ ಇದರಲ್ಲಿಲ್ಲ ಎಂದವು. ಇದಕ್ಕೂ ಮೊದಲೇ, 2024ರಲ್ಲಿ, ಒಂದು ಧೂಮಕೇತುವಿನಲ್ಲಿ ಇದೇ ಅನಿಲ ಕಂಡಿದ್ದರು. ಧೂಮಕೇತುವಿನಲ್ಲಿ ಎಲ್ಲಿಯ ಜೀವ? ಅಂದಮೇಲೆ ವಾಸನೆ ಬಂದ ಮಾತ್ರಕ್ಕೆ ಒಲೆಯ ಮೇಲೆ ಕೋಸೇ ಇದೆ ಎನ್ನಲಾಗದು.

ಏಳು ಹೆಜ್ಜೆ

ಇಂಥ ಗಡಿಬಿಡಿ ಆಗಬಾರದೆಂದು ನಾಸಾದವರು 2021ರಲ್ಲಿ ಏಳು ಹೆಜ್ಜೆಗಳ ಒಂದು ಅಳತೆಗೋಲು ಮುಂದಿಟ್ಟರು. ಅಡಿಗೆಯ ಕ್ರಮದ ಹಾಗೆ ಬರೆದುಕೊಡುತ್ತೇನೆ.

1. ಜೀವದಿಂದ ಆಗಿರಬಹುದಾದ ಒಂದು ಗುರುತು ಸಿಗಬೇಕು.
2. ಅದು ನಮ್ಮ ಕೈಯ ಕೊಳೆಯಲ್ಲ, ಭೂಮಿಯಿಂದ ಅಂಟಿದ್ದಲ್ಲ ಎಂದು ಖಾತ್ರಿಯಾಗಬೇಕು.
3. ಅಂಥ ಜಾಗದಲ್ಲಿ ಜೀವ ಆ ಗುರುತನ್ನು ಮಾಡಬಲ್ಲದು ಎಂದು ತೋರಬೇಕು.
4. ಜೀವವಿಲ್ಲದೆ ಅದು ಆಗುವ ದಾರಿಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಬೇಕು.
5. ಮೊದಲನೆಯದಕ್ಕೆ ಸಂಬಂಧವಿಲ್ಲದ ಇನ್ನೊಂದು ಗುರುತೂ ಸಿಗಬೇಕು.
6. ಉಳಿದ ಎಲ್ಲ ವಿವರಣೆಗಳನ್ನೂ ಹೊರಗಿಡುವಂಥ ಹೊಸ ಪರೀಕ್ಷೆ ಆಗಬೇಕು.
7. ಬೇರೆಯವರು, ಬೇರೆ ಕಡೆ ಸ್ವತಂತ್ರವಾಗಿ ನೋಡಿ ಹೌದು ಎನ್ನಬೇಕು.

ಸಪ್ತಪದಿಯ ನೆನಪಾಗುತ್ತದೆ ಅಲ್ಲವೇ? ಮಂಗಳದ ಚಿರತೆ ಚುಕ್ಕೆ ಸಿಕ್ಕಾಗ ಅದು ಮೊದಲ ಹೆಜ್ಜೆಯಲ್ಲಿದೆ ಎಂದು ವಿಜ್ಞಾನಿಗಳೇ ಹೇಳಿದರು. ಒಂದನೇ ಹೆಜ್ಜೆಗೇ ಮದುವೆ ಮುಗಿಯಿತೆಂದು ಊರಿಗೆಲ್ಲ ಹೇಳಿದ್ದು ಟಿ.ವಿ.ಯವರು.

"ನಮಗ್ಯಾಕ ಬೇಕ್ರಿ ಇದೆಲ್ಲ?" ಎಂದು ಮಹಿಳಾ ಮಂಡಳದಲ್ಲಿ ಒಬ್ಬರು ನನ್ನನ್ನು ಕೇಳಿದರು. ನನಗೆ ನಮ್ಮ ಓಣಿಯ ಒಬ್ಬ ಹುಡುಗಿಯ ನೆನಪಾಯಿತು. ಆಕೆಯ ಮದುವೆ ಗೊತ್ತಾಗಿತ್ತು. ಒಂದು ರಾತ್ರಿ ಯಾರದೋ ಮೋಟರ್‌ಸೈಕಲ್ಲಿನಿಂದ ಇಳಿದದ್ದನ್ನು ಯಾರೋ ನೋಡಿದರು. ಮಾತು ಓಣಿಯಿಂದ ಓಣಿಗೆ ಹೋಯಿತು, ಬೀಗರ ಮನೆಗೂ ಮುಟ್ಟಿತು, ಮದುವೆ ಮುರಿಯಿತು. ಆಮೇಲೆ ತಿಳಿದದ್ದು, ಆ ರಾತ್ರಿ ಆಕೆಯ ತಾಯಿಗೆ ಉಸಿರು ಕಟ್ಟಿತ್ತು, ಔಷಧಿ ಅಂಗಡಿಯ ಹುಡುಗ ಔಷಧಿ ಕೊಟ್ಟು ಮನೆಯವರೆಗೆ ಬಿಟ್ಟುಹೋಗಿದ್ದ. ಕಂಡದ್ದು ಸುಳ್ಳಲ್ಲ. ಕಂಡದ್ದಕ್ಕೆ ಕಟ್ಟಿದ ಅರ್ಥ ಸುಳ್ಳು. ನಾಲ್ಕನೇ ಹೆಜ್ಜೆಯನ್ನು ಯಾರೂ ಇಡಲಿಲ್ಲ. ಬೇರೆ ಕಾರಣ ಇರಬಹುದೇ ಎಂದು ಯಾರೂ ಕೇಳಲಿಲ್ಲ. ದೂರದ ಗ್ರಹಕ್ಕೆ ಕೊಡುವ ಅಷ್ಟು ತಾಳ್ಮೆಯನ್ನು ಪಕ್ಕದ ಮನೆಯ ಮಗಳಿಗೆ ಕೊಡಬಾರದೇ?

ಹಾಗೆಂದು ಯಾವುದನ್ನೂ ನಂಬದೆ ಕೂತುಕೊಳ್ಳಿ ಎನ್ನುತ್ತಿಲ್ಲ. ಚಿತ್ರದುರ್ಗದ ಸುಣ್ಣದ ಕಲ್ಲಿನಲ್ಲಿ ಜೀವ ಇತ್ತು ಎಂದು ಒಪ್ಪುತ್ತೇವೆ. ಪದರ, ಆಕಾರ, ಜಾಗ ಎಲ್ಲ ಒಂದನ್ನೊಂದು ಎತ್ತಿಹಿಡಿಯುತ್ತವೆ. ಮಂಗಳದ ಕಲ್ಲೂ ಒಂದು ದಿನ ಹಾಗೆ ಹೇಳೀತು. ಅಂಥ ಸುದ್ದಿ ನಿಜವಾಗಿ ಬಂದ ದಿನ ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ. ಅದಕ್ಕೇ ಮೊದಲೇ ಸುಳ್ಳು ಸಂಭ್ರಮ ಬೇಡ.

ಮಕ್ಕಳೊಂದಿಗೆ ಮಾಡಿನೋಡಿ

ಮೂರು ಖಾಲಿ ಬಾಟಲಿ, ಮೂರು ಬಲೂನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಅರ್ಧ ಬಾಟಲಿ ಉಗುರುಬೆಚ್ಚಗಿನ ನೀರು, ಎರಡು ಚಮಚ ಸಕ್ಕರೆ, ಒಂದು ಚಮಚ ಬೇಕರಿಯ ಯೀಸ್ಟ್ ಹಾಕಿ. ಎರಡನೆಯದರಲ್ಲಿ ಒಂದು ಲಿಂಬೆಹಣ್ಣಿನ ರಸ, ಸ್ವಲ್ಪ ನೀರು, ಒಂದು ಚಮಚ ಅಡಿಗೆ ಸೋಡಾ ಹಾಕಿ. ಮೂರನೆಯದರಲ್ಲಿ ಯೀಸ್ಟನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಆರಿಸಿ, ಸಕ್ಕರೆ ಬೆರೆಸಿ ಹಾಕಿ. ಬಾಯಿಗೆ ಬಲೂನು ಸಿಕ್ಕಿಸಿ. ಸೋಡಾದ ಬಲೂನು ತಕ್ಷಣ ಉಬ್ಬುತ್ತದೆ. ಯೀಸ್ಟಿನದು ಗಂಟೆಯಲ್ಲಿ ನಿಧಾನವಾಗಿ ಉಬ್ಬುತ್ತದೆ. ಕುದಿಸಿದ್ದು ಉಬ್ಬುವುದಿಲ್ಲ. ಆಮೇಲೆ ಮೊದಲೆರಡರ ಗಾಳಿ ತೆಗೆದು, ಎರಡಕ್ಕೂ ಇನ್ನೊಂದು ಚಮಚ ಸಕ್ಕರೆ ಹಾಕಿ, ಬಲೂನು ಸಿಕ್ಕಿಸಿ ನೋಡಿ. ಯಾವುದು ಮತ್ತೆ ಉಬ್ಬುತ್ತದೆ ಎಂದು ಮಕ್ಕಳೇ ಹೇಳಲಿ.

ಹೋಗುವವರಿಗೆ ಎರಡು ಮಾತು

ಮಳೆಗಾಲ ಮುಗಿದು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಜಾರದ ಚಪ್ಪಲಿ, ಕುಡಿಯುವ ನೀರು, ಮಕ್ಕಳಿಗೆ ಟೋಪಿ ಇರಲಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿದರೆ ಸುತ್ತಲಿನ ನೆಲದ ಏರಿಳಿತ ಚೆನ್ನಾಗಿ ಕಾಣುತ್ತದೆ. ಉಣಕಲ್‌ನ ಚಂದ್ರಮೌಳೇಶ್ವರ ಗುಡಿ ದಾರಿಯಲ್ಲೇ ಇದೆ. ಅಣ್ಣಿಗೇರಿ ಹುಬ್ಬಳ್ಳಿಯಿಂದ ಗದಗ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರು, ಬಸ್ಸೂ ಇದೆ, ರೈಲೂ ಇದೆ. ಹೆದ್ದಾರಿಯ ಪಕ್ಕ ಕಲ್ಲು ನೋಡುವಾಗ ಗಾಡಿಗಳ ಮೇಲೆ ಗಮನವಿರಲಿ, ಮಕ್ಕಳ ಕೈ ಬಿಡಬೇಡಿ.

ಕಲ್ಲನ್ನು ಕೈಯಿಂದ ಮುಟ್ಟಿ ನೋಡಿ, ಪಕ್ಕದಿಂದಲೂ ನೋಡಿ. ಆದರೆ ಒಡೆಯಬೇಡಿ. ಗುಡ್ಡಗಳನ್ನು ಕಡಿಗಾಗಿ ಒಡೆಯುವವರು ಬೇಕಾದಷ್ಟು ಜನ ಇದ್ದಾರೆ. ಸಾಕ್ಷಿಯನ್ನು ಇದ್ದಲ್ಲೇ ಇಡಬೇಕು. ನಮ್ಮ ಮಕ್ಕಳು ದೊಡ್ಡವರಾಗಿ ನಮಗಿಂತ ಜಾಣ ಪ್ರಶ್ನೆ ಹಿಡಿದು ಬಂದಾಗ ಆ ಕಲ್ಲು ಅಲ್ಲೇ ಇರಬೇಕು.